ನಾಗರಹಾವು, ಕೇರೆಹಾವು ಮತ್ತು ಹೆಣದ ಕುಣಿ ತೋಡುವ ಈರ್ಯಾ

ತ.ರಾ.ಸುಬ್ಬರಾಯರಿಗೆ ತಮ್ಮದೇ ಕಥೆಯ ‘ನಾಗರಹಾವು’ ಸಿನಿಮಾ ಹಿಡಿಸಲಿಲ್ಲ. ತಾವು ಬರೆದ ನಾಗರಹಾವನ್ನು ಪುಟ್ಟಣ್ಣ ಕಣಗಾಲ್ ಕೇರೆಹಾವು ಮಾಡಿಬಿಟ್ಟರು ಎಂದು ಅವರು ಬೇಸರಪಟ್ಟ ಸಂಗತಿ ಇವತ್ತಿಗೂ ಸಿನಿಮಾಪ್ರಿಯರ ಬಾಯಲ್ಲಿದೆ. 1972ರಲ್ಲಿ ಬಂದ ಆ ಸಿನಿಮಾವನ್ನು, ಈಗ 20 ವರ್ಷದವನಾದ ನಾನು, ಟಿವಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹುಲಿಹೈದರದ ನಮ್ಮ ಮನೆಯಲ್ಲಿ ಚಾಮಯ್ಯ ಮೇಷ್ಟ್ರು ತೆರೆ ಮೇಲೆ ಬಂದರೆಂದರೆ ಅಪ್ಪ ರಿಮೋಟ್ ಯಾರ ಕೈಗೂ ಕೊಡುವುದಿಲ್ಲ. ಹಾಗಾದರೆ ಯಾರನ್ನು ನಂಬೋಣ? ಬರೆದವರನ್ನೋ, ಅಪ್ಪನನ್ನೋ?

ಇಬ್ಬರೂ ಸರಿ ಅಂತಲೇ ನನಗೆ ಅನ್ನಿಸುತ್ತದೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಹೀಗೆ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಸಿನಿಮಾ ಮಾಡಿದ್ದು. ದೊಡ್ಡ ಫೈಲನ್ನು ಸಣ್ಣ ಪೆನ್‌ಡ್ರೈವಿಗೆ ತುರುಕಿದ ಹಾಗೆ, ಒಂದಷ್ಟು ಹೋಗಲೇಬೇಕು. ಹೆತ್ತವರಿಗೆ ಕಣ್ಣಿಗೆ ಬೀಳುವುದು ಹೋದದ್ದೇ. ಪುಸ್ತಕದಲ್ಲಿ ರಾಮಾಚಾರಿ ಒಳಗೊಳಗೇ ಕುದಿಯುವುದನ್ನು ಪುಟಗಟ್ಟಲೆ ಓದಬಹುದು. ಸಿನಿಮಾದಲ್ಲಿ ಆ ಕುದಿತಕ್ಕೆ ದುರ್ಗದ ಬಂಡೆಗಳು, ವಿಜಯಭಾಸ್ಕರ್ ಸಂಗೀತ, ಹೊಸ ಹುಡುಗ ವಿಷ್ಣುವರ್ಧನ್ ಅವರ ಕಣ್ಣು ಬೇಕಾದವು.

ಆದರೆ ಕಥೆಯ ಇನ್ನೊಂದು ಭಾಗ ಬಹಳ ಜನಕ್ಕೆ ಗೊತ್ತಿಲ್ಲ. 1974ರಲ್ಲಿ ಪುಟ್ಟಣ್ಣ ಇದನ್ನೇ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂದು ತೆಗೆದರು. ಕಥೆ ಅದೇ, ನಿರ್ದೇಶಕರು ಅವರೇ, ಚಿತ್ರದುರ್ಗದ ಕೋಟೆಯೂ ಅದೇ. ಜಲೀಲನ ಪಾತ್ರಕ್ಕೆ ಅಂಬರೀಷ್ ಕೂಡ ಹೋಗಿದ್ದರು. ಹೀರೊ ರಿಷಿ ಕಪೂರ್, ಸಂಗೀತ ಆರ್.ಡಿ. ಬರ್ಮನ್. ‘ಓ ಹಂಸಿನಿ’ ಹಾಡು ಉಳಿಯಿತು, ಸಿನಿಮಾ ಓಡಲಿಲ್ಲ. ಲ್ಯಾಬಿನಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ? ಉಳಿದದ್ದನ್ನೆಲ್ಲ ಹಾಗೇ ಇಟ್ಟು ಒಂದೆರಡನ್ನು ಮಾತ್ರ ಬದಲಿಸಿ, ಫಲಿತಾಂಶ ಏನಾಯಿತು ನೋಡುವುದು. ಇಲ್ಲಿ ಬದಲಾದದ್ದು ಹೀರೊ ಮತ್ತು ಮಾತು. ದುರ್ಗದ ಬೀದಿಯಲ್ಲಿ ಬೆಳೆದ ಹುಡುಗ ಹಿಂದಿಯಲ್ಲಿ ಸಿಟ್ಟಾದರೆ ಅವನು ಯಾವ ಊರಿನವನೂ ಆಗಿರುವುದಿಲ್ಲ. ಕಾದಂಬರಿಯಿಂದ ತೆರೆಗೆ ಮೊದಲು ದಾಟಿಸಬೇಕಾದದ್ದು ಜನರ ಮಾತು, ಕಥೆ ಆಮೇಲೆ ಎಂಬ ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

‘ಹಾಗಾದ್ರ ಮಾಲ್ಗುಡಿ ಡೇಸ್?’ ಎಂದು ಗೆಳೆಯರು ತಡೆಯುತ್ತಾರೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನಕ್ಕೆ ಕೊಟ್ಟ ಆ ಧಾರಾವಾಹಿಯಲ್ಲಿ ಮಾಸ್ಟರ್ ಮಂಜುನಾಥ್ ಹಿಂದಿ ಮಾತಾಡಿಯೂ ಇಡೀ ದೇಶಕ್ಕೆ ಸ್ವಾಮಿ ಆದ, ನಿಜ. ಆದರೆ ಆರ್.ಕೆ. ನಾರಾಯಣ್ ಬರೆದದ್ದೇ ಇಂಗ್ಲಿಷಿನಲ್ಲಿ. ಸ್ವಾಮಿ ಮನೆಯಲ್ಲಿ ಅಜ್ಜಿಯ ಹತ್ತಿರ ಇಂಗ್ಲಿಷ್ ಮಾತಾಡುತ್ತಿರಲಿಲ್ಲ ಎನ್ನುವುದು ಓದುವವರಿಗೆಲ್ಲ ಗೊತ್ತು. ಅಂದರೆ ಪುಸ್ತಕದಲ್ಲೇ ಒಂದು ಅನುವಾದ ನಡೆದುಹೋಗಿದೆ. ಶಂಕರ್‌ನಾಗ್ ಮಾಡಿದ್ದು ಎರಡನೆಯದು, ಅದೂ ಅಂಗಳ, ಕಂಬ, ಮಳೆ ಎಲ್ಲವನ್ನೂ ನಮ್ಮ ನೆಲದಿಂದಲೇ ತಂದು ಹಾಕಿ.

ಇನ್ನು ಉದ್ದದ ಮಾತು. ಸಣ್ಣಕಥೆ ಸಿನಿಮಾಕ್ಕೆ ಹೊಂದುತ್ತದೆ, ಕಾದಂಬರಿಗೆ ಧಾರಾವಾಹಿಯೇ ಸರಿ ಎಂಬುದು ನನ್ನ ಗಟ್ಟಿ ನಂಬಿಕೆ. ತೇಜಸ್ವಿಯವರ ಸಣ್ಣಕಥೆಯಿಂದ 2023ರಲ್ಲಿ ಬಂದ ‘ಡೇರ್‌ಡೆವಿಲ್ ಮುಸ್ತಫಾ’ವನ್ನು ನೋಡಿ. ತೇಜಸ್ವಿ ಅಭಿಮಾನಿಗಳೇ ದುಡ್ಡು ಹಾಕಿ ಮಾಡಿದ ಸಿನಿಮಾ. ಕಥೆ ಚಿಕ್ಕದಾಗಿದ್ದರಿಂದ ನಿರ್ದೇಶಕ ಶಶಾಂಕ್ ಸೋಗಾಲ್‌ಗೆ ಕೈಕಾಲು ಆಡಿಸಲು ಜಾಗ ಸಿಕ್ಕಿತು. ಅದೇ ಭೈರಪ್ಪನವರ ‘ಗೃಹಭಂಗ’ವನ್ನು ಎರಡೂವರೆ ತಾಸಿನಲ್ಲಿ ಹೇಳಿ ನೋಡೋಣ! ಶಾನುಭೋಗ ಗಂಡನ ಲೆಕ್ಕ ತಾನೇ ಬರೆಯುತ್ತ, ಮುತ್ತುಗದೆಲೆ ಹಚ್ಚುತ್ತ ಸಂಸಾರ ತೂಗಿಸುವ ನಂಜಮ್ಮನ ಕಷ್ಟ ದಿನಕ್ಕೊಂದು ಚೂರಿನಂತೆ ಕೂಡುತ್ತ ಹೋಗಬೇಕು. ಆಗ ಮಾತ್ರ ಪ್ಲೇಗಿಗೆ ಮಕ್ಕಳು ಹೋದಾಗ ನೋಡುವವರ ಎದೆಯೂ ಒಡೆಯುವುದು. ಗಿರೀಶ ಕಾಸರವಳ್ಳಿ ಅದನ್ನು ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದ್ದು ಅದಕ್ಕೇ ಸರಿಯಾಯಿತು. ನಂಜಮ್ಮನಾಗಿ ಮಾಳವಿಕಾ ಅವರನ್ನು ನೋಡಿದ ನಮ್ಮ ಅವ್ವ, ಪುಸ್ತಕ ಓದದಿದ್ದರೂ, ಆಕೆಯನ್ನು ನೆಂಟರ ಪೈಕಿ ಒಬ್ಬಳೆಂಬಂತೆ ನೆನೆಯುತ್ತಾಳೆ. ಒಂದು ಅಡ್ಡಮಾತು: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ರಂಗಕ್ಕೆ ಬಂದಾಗ ಇಡೀ ರಾತ್ರಿ ಬೇಕಾಯಿತು, ಜನ ಬೆಳಗಿನವರೆಗೂ ಕೂತು ನೋಡಿದರು. ನಮ್ಮವರಿಗೆ ಪುರುಸೊತ್ತಿಲ್ಲ ಎನ್ನುವವರಿಗೆ ಇದನ್ನು ಹೇಳಬೇಕು.

ಈಗ ನಮ್ಮ ಕಡೆಗೆ ಬರುತ್ತೇನೆ. ಮಲೆನಾಡು, ಕರಾವಳಿ, ಮೈಸೂರು ಸೀಮೆಯ ಕಾದಂಬರಿಗಳು ಸಾಲು ಸಾಲಾಗಿ ತೆರೆಗೆ ಬಂದವು. ‘ಸಂಸ್ಕಾರ’, ‘ವಂಶವೃಕ್ಷ’, ‘ಚೋಮನ ದುಡಿ’, ‘ಕಾಡು’, ‘ಫಣಿಯಮ್ಮ’. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಬರಹ ಹುಡುಕಿದರೆ ನನ್ನ ಕೈಗೆ ಸಿಗುವವು ಕೆಲವೇ. ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ ಇದೆ. ಓದಬೇಕೆಂಬ ಆಸೆ ಹೊತ್ತ ದಲಿತ ಕೇರಿಯ ಹುಡುಗನ ಆ ಪಾತ್ರಕ್ಕೆ ವಿಜಯ ರಾಘವೇಂದ್ರ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಇಂಥವನ್ನು ಬಿಟ್ಟರೆ ತೆರೆಯ ಮೇಲೆ ನಮ್ಮ ಮಾತು ಕೇಳುವುದು ಹೆಚ್ಚಾಗಿ ನಗಿಸಲಿಕ್ಕೆ. ಸೆಕ್ಯೂರಿಟಿ ಗಾರ್ಡ್, ಅಡುಗೆ ಭಟ್ಟ, ಕುಡುಕ ಇವರ ಬಾಯಲ್ಲಿ ‘ಹೌದ್ರೀ ಯಪ್ಪಾ’. ಹೀರೊ ಮಾತ್ರ ಬೆಂಗಳೂರು ಕನ್ನಡ.

ಇದರ ಬಿಸಿ ತಟ್ಟುವುದು ಟಿವಿ ಎದುರಿಗಲ್ಲ. ಮೊದಲ ಸೆಮಿಸ್ಟರಿನಲ್ಲಿ ನಾನು ‘ಸರ, ಒಂದ್ ಡೌಟ್ ಐತ್ರಿ’ ಎಂದು ಎದ್ದು ನಿಂತರೆ ಡೌಟ್ ಏನೆಂದು ಕೇಳುವ ಮೊದಲೇ ಹಿಂದಿನ ಬೆಂಚು ನಗುತ್ತಿತ್ತು. ನಗುವವರಿಗೆ ನನ್ನ ಮೇಲೇನೂ ದ್ವೇಷವಿರಲಿಲ್ಲ. ಆ ಧಾಟಿ ಕೇಳಿದರೆ ನಗಬೇಕು ಎಂದು ಅವರಿಗೆ ಚಿಕ್ಕಂದಿನಿಂದ ಸಿನಿಮಾ, ಸೀರಿಯಲ್ ಕಲಿಸಿತ್ತು, ಅಷ್ಟೆ. ಮೊನ್ನೆ ಇಂಟರ್‌ವ್ಯೂ ತರಬೇತಿಗೆ ಬಂದವರೊಬ್ಬರು ‘ಕನ್ನಡ ಮಾತಾಡುವಾಗಲೂ ಆ ಕಡೆ ಧಾಟಿ ಬಿಡಿ, ಪ್ರೊಫೆಷನಲ್ ಅನ್ನಿಸಲ್ಲ’ ಎಂದರು. ಕೆಲಸ ಹುಡುಕುತ್ತಿರುವ ನಮ್ಮ ಭಾಗದ ಗೆಳೆಯರಿಗೆ ಈ ಮಾತು ಹೊಸದೇನಲ್ಲ.

ಆದ್ದರಿಂದಲೇ ‘ಕನಸೆಂಬೋ ಕುದುರೆಯನೇರಿ’ ಬಗ್ಗೆ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ನಮ್ಮ ರಾಯಚೂರು ಜಿಲ್ಲೆಯವರೇ ಆದ, ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯಿಂದ ಕಾಸರವಳ್ಳಿ ಮಾಡಿದ ಸಿನಿಮಾ. ಈರ್ಯಾ ಹೆಣದ ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವಾಗುತ್ತದೆ ಎಂಬುದು ಅವನ ನಂಬಿಕೆ. ಒಮ್ಮೆ ಸಿದ್ಧ ಬಂದಾಗ ಈರ್ಯಾ ಗೌಡರ ಮನೆಗೆ ಹೋಗುತ್ತಾನೆ. ಯಾರೂ ಸತ್ತಿಲ್ಲ ಎಂದು ಕಳಿಸುತ್ತಾರೆ. ಈರ್ಯಾನಿಗೆ ತನ್ನ ಕನಸಿನ ಮೇಲೇ ಅನುಮಾನ ಶುರುವಾಗುತ್ತದೆ. ಸಿನಿಮಾ ಆಮೇಲೆ ಅದೇ ಘಟನೆಗಳನ್ನು ದೊಡ್ಡ ಮನೆಯ ಒಳಗಿನಿಂದ ಇನ್ನೊಮ್ಮೆ ತೋರಿಸುತ್ತದೆ: ಸಾವು ಆಗಿದೆ, ಮುಚ್ಚಿಟ್ಟಿದ್ದಾರೆ! ಬಡವನ ಕನಸು ಸುಳ್ಳಾಗಿರಲಿಲ್ಲ, ಉಳ್ಳವರು ಅದನ್ನು ಸುಳ್ಳು ಮಾಡಿದ್ದರು. ಒಂದೇ ಸಂಗತಿಯನ್ನು ಎರಡು ಕಡೆಯಿಂದ ಹೇಳುವ ಈ ಚಿತ್ರಕಥೆಗೆ ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ.

ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದು ಈರ್ಯಾನ ಪಾತ್ರಧಾರಿ. ವೈಜನಾಥ ಬಿರಾದಾರ್ ಬೀದರ್ ಕಡೆಯವರು. ಸಿನಿಮಾ ನೋಡುವ ಎಲ್ಲರಿಗೂ ಅವರ ಮುಖ ಗೊತ್ತು, ಏಕೆಂದರೆ ಎಷ್ಟೋ ಸಿನಿಮಾಗಳಲ್ಲಿ ಅವರೇ ಭಿಕ್ಷುಕ, ಅವರೇ ಕುಡುಕ, ಎರಡು ನಿಮಿಷ ಬಂದು ನಗಿಸಿ ಹೋಗುವವರು. ಅದೇ ಸಣಕಲು ಮೈ, ಅದೇ ದನಿ ಈರ್ಯಾನಾಗಿ ಬಂದಾಗ ನಗು ಬರುವುದಿಲ್ಲ. ಹೆಂಡತಿ ರುದ್ರಿಯಾಗಿ ಉಮಾಶ್ರೀ ಪಕ್ಕದಲ್ಲಿದ್ದಾರೆ. ಇಬ್ಬರೂ ನಮ್ಮ ಕಡೆಯ ಮಾತಿನಲ್ಲೇ ಜಗಳವಾಡುತ್ತಾರೆ, ಹಸಿಯುತ್ತಾರೆ, ಭಯಪಡುತ್ತಾರೆ. ಆ ಮಾತಿಗೆ ಇಷ್ಟೊಂದು ದುಃಖ ಹೊರುವ ಶಕ್ತಿ ಇದೆ ಎಂದು ತೆರೆಯ ಮೇಲೆ ನಾನು ಕಂಡದ್ದು ಅದೇ ಮೊದಲು. ನುಗಡೋಣಿಯವರ ಕಥೆ ಇಲ್ಲದಿದ್ದರೆ ಬಿರಾದಾರ್ ಅವರಿಗೆ ಆ ಪಾತ್ರ ಎಲ್ಲಿಂದ ಬರಬೇಕಿತ್ತು?

ವೆಬ್ ಸರಣಿಗಳ ಈ ಕಾಲದಲ್ಲಿ ನನ್ನ ಆಸೆ ಒಂದೇ. ಕುಂವೀ ಅವರ ‘ಅರಮನೆ’. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಥಾಮಸ್ ಮನ್ರೋ ಕಲೆಕ್ಟರಾಗಿದ್ದ ಕಾಲದ ಪಾಳೆಯಗಾರರ ಸೀಮೆ. ಅರಮನೆ, ಒಳಸಂಚು, ದೈವ, ಸಿಡುಬು, ಕುದುರೆ ಎಲ್ಲ ಇದೆ. ‘ಗೇಮ್ ಆಫ್ ಥ್ರೋನ್ಸ್’ ನೋಡಲು ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟವರಿಗೆ ಇನ್ನೇನು ಬೇಕು? ಆ ಸರಣಿಯಂತೆ ಬರೆದವರನ್ನು ಹಿಂದೆ ಹಾಕಿ ಓಡುವ ಗತಿಯೂ ಇದಕ್ಕಿಲ್ಲ, ಕುಂವೀ ಕೊನೆಯ ಪುಟದವರೆಗೂ ಬರೆದು ಮುಗಿಸಿದ್ದಾರೆ. ತೊಡಕು ದುಡ್ಡಿನದು. 2024ರಲ್ಲಿ ರಕ್ಷಿತ್ ಶೆಟ್ಟಿ ಬಳಗದ ‘ಏಕಂ’ ಕನ್ನಡ ಸರಣಿಯನ್ನು ಯಾವ ಓಟಿಟಿಯೂ ಕೊಳ್ಳದೆ, ಅವರೇ ಸ್ವಂತ ವೆಬ್‌ಸೈಟಿನಲ್ಲಿ ಬಿಡಬೇಕಾಯಿತು. ಕರಾವಳಿಯ ಕಥೆಗೇ ಹೀಗಾದರೆ ಬಯಲುಸೀಮೆಯ ಕುದುರೆಗಳಿಗೆ ದುಡ್ಡು ಸುರಿಯುವವರು ಯಾರು ಎಂದು ಗೆಳೆಯರು ಕೇಳುತ್ತಾರೆ. ನನ್ನ ಬಳಿಯೂ ಉತ್ತರವಿಲ್ಲ. ಮುಸ್ತಫಾನಿಗೆ ದುಡ್ಡು ಹಾಕಿದವರಂಥ ಓದುಗರು ನಮ್ಮ ಕಡೆಯೂ ಇದ್ದಾರು.

ಸದ್ಯಕ್ಕೆ ‘ಅರಮನೆ’ ನನ್ನ ರೂಮ್‌ಮೇಟ್ ಕೈಯಲ್ಲಿದೆ. ಅವನು ಮಂಡ್ಯದವನು. ಪುಟಕ್ಕೆ ನಾಲ್ಕು ಸಲ ‘ಇದಕ್ಕೇನ್ಲಾ ಅರ್ಥ?’ ಎಂದು ಕೇಳುತ್ತಾನೆ, ನಾನು ಹೇಳುತ್ತೇನೆ. ನಿನ್ನೆ ಮೆಸ್ಸಿನಲ್ಲಿ ಸಾರು ಬಡಿಸುವವರಿಗೆ ಅವನು ‘ಇನ್ನಾ ಸ್ವಲ್ಪ ಹಾಕ್ರಿ ಯಪ್ಪಾ’ ಅಂದ. ಗೇಲಿಗಲ್ಲ, ಬಾಯಿಗೆ ತಾನಾಗಿಯೇ ಬಂದಿತ್ತು.