ನಿಮಗಿದು ಗೊತ್ತೇ? ಮಗ್ಗದ ಪಕ್ಕದ ಜನರೇಟರ್

ಮಹಾಲಿಂಗಪುರ, ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮ್‌ಗಳ ಸದ್ದು ಒಮ್ಮೆಲೇ ನಿಂತರೆ ಕರೆಂಟ್ ಹೋಯಿತೆಂದೇ ಲೆಕ್ಕ. ಪಕ್ಕದ ಸಮೀರವಾಡಿಯ ಸಕ್ಕರೆ ಕಾರ್ಖಾನೆ ಹಂಗಾಮಿನಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ತನ್ನ ಕರೆಂಟ್ ತಾನೇ ಮಾಡಿಕೊಳ್ಳುತ್ತದೆ. ಮಗ್ಗದವರು, ಆಸ್ಪತ್ರೆಯವರು, ಕಲ್ಯಾಣ ಮಂಟಪದವರು ಮಾತ್ರ ಡೀಸೆಲ್ ಜನರೇಟರನ್ನೇ ನಂಬಬೇಕು. ಅದು ಕೆಡುವುದು ದುಡಿದು ಅಲ್ಲ, ಹೆಚ್ಚಾಗಿ ಸುಮ್ಮನೆ ನಿಂತು.

1500ರ ಗುಟ್ಟು
ಸಾಮಾನ್ಯ ಜನರೇಟರ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಆಲ್ಟರ್ನೇಟರ್‌ನಲ್ಲಿ ನಾಲ್ಕು ಧ್ರುವಗಳಿದ್ದಾಗ ಅಷ್ಟು ಸುತ್ತಿಗೆ ಸರಿಯಾಗಿ 50 ಹರ್ಟ್ಸ್. ಸುತ್ತು 1440ಕ್ಕೆ ಇಳಿದರೆ 48 ಹರ್ಟ್ಸ್. ಮಗ್ಗದ ಮೋಟಾರೂ ಅಷ್ಟೇ ನಿಧಾನ. ವೋಲ್ಟೇಜ್ ಸಾಲದೆಂದು, ಸುತ್ತಿನ ವೇಗ ನಿಯಂತ್ರಿಸುವ ಗವರ್ನರ್ ಸ್ಕ್ರೂಗೆ ಕೈಹಾಕುವವರು ಇದನ್ನು ಮರೆಯುತ್ತಾರೆ.

ಎರಡಕ್ಕೂ ಒಂದೇ ವರ್ಷ
ಪುಣೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಮತ್ತು ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಎರಡೂ 1946ರವು. ಒಂದು ಎಂಜಿನ್ ಮಾಡಿತು, ಇನ್ನೊಂದು ಆಲ್ಟರ್ನೇಟರ್. ಈ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಲೋಡ್ ಕಡಿಮೆಯಾದರೂ ಕಾಯಿಲೆ
ದೊಡ್ಡ ಜನರೇಟರ್ ತಂದು ನಾಲ್ಕು ಟ್ಯೂಬ್‌ಲೈಟ್, ಎರಡು ಫ್ಯಾನ್ ಓಡಿಸಿದರೆ ಎಂಜಿನ್‌ಗೆ ಆರಾಮ ಎಂದುಕೊಳ್ಳುತ್ತೇವೆ. ಆಗುವುದು ತಿರುಗುಮುರುಗು. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಬಹಳ ಹೊತ್ತು ಓಡಿದರೆ ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಮಸಿಯೊಂದಿಗೆ ಬೆರೆತು ಸೈಲೆನ್ಸರ್‌ನ ಜೋಡಣೆಗಳಲ್ಲಿ ಕಪ್ಪು ಜಿಡ್ಡಾಗಿ ಒಸರುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಖಾಲಿ ಓಡಿಸಿ ಬಂದ್ ಮಾಡುವ ರೂಢಿಯೂ ಇದೇ ಜಾತಿಯದು. ಅದಕ್ಕಿಂತ ತಿಂಗಳಿಗೊಮ್ಮೆ ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸುವುದು ಲೇಸು.

ಅರಳೆಯ ಧೂಳು
ನಮ್ಮ ಕಡೆಯ ಜನರೇಟರ್‌ಗಳಿಗೆ ಬೇರೆ ಊರಿನವಕ್ಕಿಲ್ಲದ ಒಂದು ಶತ್ರುವಿದೆ: ನೂಲಿನಿಂದ ಏಳುವ ನವಿರು ಅರಳೆ. ಅದು ರೇಡಿಯೇಟರ್‌ನ ತೆಳು ರೆಕ್ಕೆಗಳ ನಡುವೆ ಬೂದು ಕಂಬಳಿಯಂತೆ ಕೂತುಬಿಡುತ್ತದೆ. ನೀರು ತುಂಬಿದೆ, ಫ್ಯಾನ್ ತಿರುಗುತ್ತಿದೆ, ಬೆಲ್ಟ್ ಬಿಗಿಯಾಗಿದೆ. ಆದರೂ ಎಂಜಿನ್ ಕಾದು ನಿಲ್ಲುತ್ತದೆ. ಮೆಕ್ಯಾನಿಕ್ ಬರುವ ಮುನ್ನ ರೇಡಿಯೇಟರ್ ಹಿಂದೆ ಟಾರ್ಚ್ ಹಿಡಿದು ನೋಡಿ. ಬೆಳಕು ಈಚೆ ಕಾಣದಿದ್ದರೆ ಕಾರಣ ಸಿಕ್ಕಿತು. ಎಂಜಿನ್ ಆರಿದ ಮೇಲೆ ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ, ಮೆಲ್ಲಗೆ ಊದಿಸಬೇಕು. ಒತ್ತಡ ಜಾಸ್ತಿಯಾದರೆ ರೆಕ್ಕೆ ಮಡಚಿಕೊಳ್ಳುತ್ತವೆ. ಏರ್ ಫಿಲ್ಟರನ್ನು ಗೋಡೆಗೆ ಬಡಿದು ಸ್ವಚ್ಛ ಮಾಡುವುದನ್ನಂತೂ ಬಿಡಿ. ಕಾಗದ ಒಮ್ಮೆ ಹರಿದರೆ ಧೂಳು ನೇರ ಸಿಲಿಂಡರ್‌ಗೆ.

ಕಪ್ಪಾದರೆ ಚಿಂತೆಯಿಲ್ಲ
ಹೊಸ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದು ಡೀಸೆಲ್ ಎಂಜಿನ್‌ನಲ್ಲಿ ಸಹಜ. ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ಒಳಗೆ ನೀರು ಸೇರಿದೆ. ಮತ್ತೆ ಚಾಲೂ ಮಾಡಬೇಡಿ. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿಸಿ ಆಯಿಲ್ ತುಂಬುವುದೂ ಅಪಾಯ. ಎಂಜಿನ್ ತನ್ನದೇ ಆಯಿಲನ್ನು ಎಳೆದುಕೊಂಡು ಉರಿಯತೊಡಗಿದರೆ ಕೀಲಿ ತೆಗೆದರೂ, ಡೀಸೆಲ್ ನಿಲ್ಲಿಸಿದರೂ ನಿಲ್ಲದು. ಗಾಳಿಯ ದಾರಿ ಮುಚ್ಚಿದಾಗಲೇ ನಿಲ್ಲುವುದು.

ತಾನಾಗಿ ಎದ್ದರೆ?
ಆಟೊಮ್ಯಾಟಿಕ್ ಪ್ಯಾನೆಲ್ ಇರುವ ಜನರೇಟರ್ ಕರೆಂಟ್ ಹೋದ ಕೆಲವೇ ಸೆಕೆಂಡುಗಳಲ್ಲಿ ತಾನೇ ಚಾಲೂ ಆಗುತ್ತದೆ. ಫ್ಯಾನ್ ಬೆಲ್ಟ್ ಬಿಗಿ ನೋಡಲು ನೀವು ಕೈಯಿಟ್ಟ ಹೊತ್ತಿಗೇ ಹೆಸ್ಕಾಂ ಲೈನ್ ಹೋಯಿತೆನ್ನಿ! ಸರ್ವಿಸ್‌ಗೆ ಮುಂಚೆ ಪ್ಯಾನೆಲ್ ಆಫ್, ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚಿ ಬದಿಗೆ, ಮೇಲೊಂದು ‘ಕೆಲಸ ನಡೆದಿದೆ’ ಬೋರ್ಡ್. ಮತ್ತೆ ಜೋಡಿಸುವಾಗ ನೆಗೆಟಿವ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ. ಹತ್ತಿರ ಬೀಡಿ ಬೇಡ.

ಸೂಜಿಯಂಥ ಡೀಸೆಲ್
ಇಂಜೆಕ್ಟರ್ ಪೈಪಿನ ಬಿರುಕಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು, ಒಳಗೆ ಮಾಂಸ ಕೊಳೆಯುತ್ತದೆ, ಬೆರಳು ಕಳೆದುಕೊಳ್ಳಬೇಕಾಗಬಹುದು. ಸೋರಿಕೆಯನ್ನು ಕೈಯಿಂದ ತಡವಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಚುಚ್ಚಿದರೆ ನೋವಿಲ್ಲವೆಂದು ಕಾಯದೆ ಆಗಲೇ ಆಸ್ಪತ್ರೆಗೆ ಓಡಬೇಕು.

ಹ್ಯಾಂಡಲ್ ಹೊಡೆಯುವವರಿಗೆ
ಹಳೆಯ ಎಂಜಿನ್‌ಗಳಿಗೆ ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಅದಕ್ಕೆ ಸುತ್ತದೆ, ಉಳಿದ ಬೆರಳುಗಳ ಬದಿಗೇ ಇಟ್ಟು ಹಿಡಿಯಬೇಕು. ತಿರುಗಿ ಒದ್ದರೆ ಹೆಬ್ಬೆರಳು ಉಳಿಯುತ್ತದೆ.

ಹಿಂದಕ್ಕೆ ಹರಿಯುವ ಕರೆಂಟ್
ಇದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಚೇಂಜ್‌ಓವರ್ ಸ್ವಿಚ್ ಇಲ್ಲದೆ, ಎರಡೂ ತುದಿಗೆ ಪ್ಲಗ್ ಇರುವ ವೈರ್‌ನಿಂದ ಮನೆಯ ಸಾಕೆಟ್‌ಗೆ ಜನರೇಟರ್ ಜೋಡಿಸುವವರಿದ್ದಾರೆ. ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ನಮಗೆ ಕೊಡುತ್ತದೆ. ಅದೇ ಟ್ರಾನ್ಸ್‌ಫಾರ್ಮರ್‌ಗೆ ಈ ಕಡೆಯಿಂದ ಕರೆಂಟ್ ಹೋದರೆ ಅಷ್ಟೇ ಪಟ್ಟು ಏರಿಸಿ ಆ ಕಡೆ ಕೊಡುತ್ತದೆ. ಲೈನ್ ಬಂದ್ ಇದೆಯೆಂದು ಕಂಬ ಹತ್ತಿದ ಲೈನ್‌ಮನ್‌ಗೆ ಅಲ್ಲಿ ಕಾದಿರುವುದು ನಿಮ್ಮ ಜನರೇಟರ್. ತಪ್ಪು ಒಬ್ಬರದು, ಜೀವ ಇನ್ನೊಬ್ಬರದು.

ಬೇಸಿಗೆಯಲ್ಲಿ ಅರ್ಥಿಂಗ್‌ಗೂ ನೀರು
ಬಾಗಲಕೋಟೆ ಜಿಲ್ಲೆಯ ಬಿಸಿಲಿಗೆ ನೆಲ ಒಣಗಿದಂತೆ ಅರ್ಥಿಂಗ್ ಗುಂಡಿಯ ಪ್ರತಿರೋಧ ಏರುತ್ತದೆ. ಇದ್ದಿಲು, ಉಪ್ಪು ಹಾಕಿದ್ದೇವೆಂದು ಕೂರುವಂತಿಲ್ಲ. ಆಗಾಗ ಒಂದು ಕೊಡ ನೀರು ಸುರಿಯಬೇಕು.

ವಾಸನೆಯಿಲ್ಲದ ವಿಷ
ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮಗ್ಗದ ಶೆಡ್ಡಿನೊಳಗೆ ಜನರೇಟರ್ ಇಡುವುದೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ.

ಹಳೆ ಆಯಿಲ್ ಎಲ್ಲಿಗೆ?
ಬಳಸಿದ ಆಯಿಲನ್ನು ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯುವವರಿದ್ದಾರೆ, ಗಟಾರಕ್ಕೆ ಸುರಿಯುವವರು ಇನ್ನೂ ಹೆಚ್ಚು. ಸುಟ್ಟ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಲೋಹದ ಪುಡಿಯೂ ಇರುತ್ತವೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಆಯಿಲ್ ಬದಲಿಸಲು ಬಂದವರ ಕೈಗೇ ಹಳೆಯದನ್ನು ಡಬ್ಬಿಯಲ್ಲಿ ಕಟ್ಟಿಕೊಟ್ಟು, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿ.