ಅಜ್ಜಿಯರ ಕಾಲದ ಉಡುಪನ್ನೂ ಮುಡಿಯನ್ನೂ ಪುನಃ ರಚಿಸುವ ವಿಷಯ

ನಮ್ಮ ಶಾಲೆಯ ಕಾರ್ಯಾಲಯದ ಗೋಡೆಯ ಮೇಲೆ 1946ನೆಯ ಇಸವಿಯ ಉಪಾಧ್ಯಾಯಿನಿಯರ ಛಾಯಾಚಿತ್ರವೊಂದು ತೂಗಿರುವುದನ್ನು ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಹೊತ್ತು ಮೀರಿ ಬಂದುದಕ್ಕೆ ಕಾರಣ ಹೇಳಲು ಅದರ ಕೆಳಗೆ ನಿಂತವರೂ ನಿಮ್ಮಲ್ಲಿ ಅನೇಕರಿರಬಹುದು. ಚಿತ್ರದ ನಡುವೆ, ಯುದ್ಧವು ಮುಗಿದ ಬಳಿಕ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಮಿಸ್ಸಮ್ಮನವರು ಕುಳಿತಿದ್ದಾರೆ. ಅವರ ಮುಂಗೂದಲು ಹಣೆಯ ಎರಡು ಕಡೆಗಳಲ್ಲಿಯೂ ಸುರುಳಿಯಾಗಿ ಮೇಲೆದ್ದಿದೆ. ಅಕ್ಕಪಕ್ಕದಲ್ಲಿ ನಮ್ಮ ನಾಡಿನ ಉಪಾಧ್ಯಾಯಿನಿಯರು ಪಫ್ ತೋಳಿನ ಜಾಕೀಟು ತೊಟ್ಟು, ಸೆರಗನ್ನು ಭುಜದ ಮೇಲೆ ನೆರಿಗೆ ಹಿಡಿದು ನಿಂತಿದ್ದಾರೆ. ಕಳೆದ ವಾರ್ಷಿಕೋತ್ಸವದಲ್ಲಿ ಹತ್ತನೆಯ ತರಗತಿಯ ಬಾಲಿಕೆಯರು ಈ ಚಿತ್ರವನ್ನು ವೇದಿಕೆಯ ಮೇಲೆ ಜೀವಂತವಾಗಿ ತೋರಿಸಬೇಕೆಂದು ಅಪ್ಪಣೆ ಬೇಡಿದರು. ನಾವೂ ಸಂತೋಷದಿಂದ ಕೊಟ್ಟೆವು. ಆ ಪ್ರಯತ್ನದಲ್ಲಿ ನಾವು ಕಲಿತುದನ್ನೂ ತಪ್ಪಿದುದನ್ನೂ ಇಲ್ಲಿ ತಿಳಿಸುವೆವು; ಏಕೆಂದರೆ ಅಜ್ಜಿಯರ ಉಡುಗೆಯನ್ನು ತೊಡಬೇಕೆಂಬ ಆಸೆಯು ಈಗ ಅನೇಕ ಮನೆಗಳ ಹೆಣ್ಣುಮಕ್ಕಳಲ್ಲಿ ಹುಟ್ಟಿರುವುದನ್ನು ಕಾಣುತ್ತೇವೆ.

ಮೊದಲನೆಯ ತಪ್ಪು ಕಾಲದ ವಿಷಯದಲ್ಲಿ ಆಯಿತು. ಮಿಸ್ಸಮ್ಮನವರ ಪಾತ್ರದ ಬಾಲಿಕೆಗೆ ಸಿದ್ಧಪಡಿಸಿದ ಲಂಗವು ಛತ್ರಿಯಷ್ಟು ಅಗಲವಾಗಿತ್ತು. ಅಂಥ ಉಡುಪು ಪ್ರಸಿದ್ಧಿಗೆ ಬಂದುದು, ಫ್ರಾನ್ಸಿನ ಕ್ರಿಶ್ಚಿಯನ್ ಡಿಯೋರ್ ಎಂಬವರು 1947ನೆಯ ಫೆಬ್ರವರಿ 12ರಂದು ಪ್ಯಾರಿಸಿನಲ್ಲಿ ತಮ್ಮ ಹೊಸ ಉಡುಪುಗಳನ್ನು ಪ್ರದರ್ಶಿಸಿದ ಮೇಲೆ. ಅದಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಅಷ್ಟು ಬಟ್ಟೆ ಎಲ್ಲಿಯದು? ಅಲ್ಲಿ 1941ನೆಯ ಜೂನ್ 1ರಿಂದ ಬಟ್ಟೆಗೆ ರೇಷನ್ ಬಂದಿತು. ಮೊದಲ ವರ್ಷ ಒಬ್ಬೊಬ್ಬರಿಗೆ 66 ಕೂಪನುಗಳು. ಒಂದು ಉಣ್ಣೆಯ ಫ್ರಾಕಿಗೇ 11 ಹೋಗುತ್ತಿದ್ದವು. ಮರುವರ್ಷ ನೆರಿಗೆಗಳೆಷ್ಟು, ಗುಂಡಿಗಳೆಷ್ಟು, ಜೇಬುಗಳೆಷ್ಟು ಎಂಬುದಕ್ಕೂ ಸರಕಾರದ ನಿಯಮವಾಯಿತು. ಆದಕಾರಣವೇ ಆ ಕಾಲದ ಲಂಗವು ಕಿರಿದಾಗಿ ಮೊಣಕಾಲಿನ ತುಸು ಕೆಳಗೆ ನಿಲ್ಲುತ್ತದೆ. ಕಾಲುಚೀಲ ಸಿಕ್ಕದೆ, ಮೀನಗಂಡದ ಮೇಲೆ ಪೆನ್ಸಿಲಿನಿಂದ ಹೊಲಿಗೆಯ ಗೆರೆಯನ್ನು ಬರೆದುಕೊಂಡು ಹೊರಟವರೂ ಉಂಟು! ಆ ರೇಷನ್ 1949ರವರೆಗೂ ಮುಂದುವರಿಯಿತು.

ತಲೆಯ ಸುರುಳಿಗಳಿಗೂ ಹೀಗೆಯೇ ಕಾರಣವಿದೆ. ಸ್ತ್ರೀಯರು ಸಾವಿರಗಟ್ಟಲೆಯಾಗಿ ಕಾರ್ಖಾನೆಗಳನ್ನು ಸೇರಿದಾಗ, ಇಳಿಬಿಟ್ಟ ಕೂದಲು ಯಂತ್ರಕ್ಕೆ ಸಿಕ್ಕುವ ಭಯವಿತ್ತು. ಒಂದು ಕಣ್ಣು ಮುಚ್ಚುವಂತೆ ಕೂದಲು ಬಿಡುತ್ತಿದ್ದ ಅಮೆರಿಕದ ನಟಿ ವೆರೋನಿಕಾ ಲೇಕ್, ಸರಕಾರದವರು ಕೇಳಿಕೊಂಡ ಮೇರೆಗೆ 1943ರಲ್ಲಿ ಆ ಶೈಲಿಯನ್ನು ಬಿಟ್ಟು ಕೂದಲನ್ನು ಹಿಂದಕ್ಕೆ ಕಟ್ಟಿದಳು. ಇದನ್ನು ಹೇಳಿದ ಮೇಲೆ ನಮ್ಮ ಬಾಲಿಕೆಯರು ಆ ಸುರುಳಿಗಳನ್ನು ನೋಡಿ ನಗುವುದನ್ನು ಬಿಟ್ಟರು.

ಸುರುಳಿಯನ್ನು ಮಾಡುವ ಕ್ರಮ ಹೇಗೆಂದರೆ: ಹಿಂದಿನ ದಿನವೇ ಎಣ್ಣೆಯ ಜಿಡ್ಡು ಪೂರ್ತಿ ಹೋಗುವಂತೆ ಸೀಗೆಕಾಯಿಯಿಂದ ತಲೆ ತೊಳೆಯತಕ್ಕದ್ದು. ಎಣ್ಣೆ ಹಚ್ಚಿದ ಕೂದಲಿನಲ್ಲಿ ಸುರುಳಿಯು ನಿಲ್ಲದು. ಈ ಒಂದು ಮಾತಿಗೆ ತಾಯಂದಿರನ್ನು ಒಪ್ಪಿಸುವುದೇ ನಮಗೆ ಎಲ್ಲಕ್ಕಿಂತಲೂ ಪ್ರಯಾಸವಾಯಿತು. ಅಗಸೆಬೀಜವನ್ನು ನೀರಿನಲ್ಲಿ ಕುದಿಸಿ, ಲೋಳೆ ಬಿಟ್ಟೊಡನೆ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸೋಸಬೇಕು; ತಣಿದರೆ ಸೋಸಲಾಗದು. ಈ ಲೋಳೆಯನ್ನು ತೇವವಿರುವ ಕೂದಲಿಗೆ ತೆಳ್ಳಗೆ ಸವರಿ, ಬೆರಳಗಲದ ಒಂದೊಂದೇ ಭಾಗವನ್ನು ತುದಿಯಿಂದ ಬುಡದವರೆಗೆ ಚಪ್ಪಟೆಯಾದ ಚಕ್ರದಂತೆ ಸುತ್ತಿ, ಎರಡು ಪಿನ್ನುಗಳನ್ನು ಅಡ್ಡಡ್ಡವಾಗಿ ಸಿಕ್ಕಿಸತಕ್ಕದ್ದು. ರಾತ್ರಿ ತಲೆಗೆ ವಸ್ತ್ರ ಕಟ್ಟಿ ಮಲಗಿ, ಬೆಳಿಗ್ಗೆ ಚೆನ್ನಾಗಿ ಒಣಗಿದ ಮೇಲೆಯೇ ಬಿಚ್ಚಬೇಕು. ಬಳಿಕ ಮುಂಗೂದಲನ್ನು ಎರಡು ಪಾಲು ಮಾಡಿ, ಬುಡದಲ್ಲಿ ಮಾತ್ರ ಬಾಚಣಿಗೆಯನ್ನು ಹಿಂದುಮುಂದಾಗಿ ಆಡಿಸಿ ತುಸು ಗಂಟುಗೂಡಿಸಿ, ಮೇಲ್ಮೈಯನ್ನು ನುಣುಪಾಗಿ ಬಾಚಿ, ಎರಡು ಬೆರಳುಗಳ ಮೇಲೆ ಸುತ್ತುತ್ತಾ ತಲೆಯವರೆಗೆ ತಂದು, ಒಳಗೆ ಟೊಳ್ಳಿರುವಂತೆ ಪಿನ್ನು ಹಾಕಬೇಕು. ಪಿನ್ನು ಹೊರಗೆ ಕಾಣಬಾರದು. ಬಿಸಿ ಕಬ್ಬಿಣದಿಂದ ಅರ್ಧ ಗಂಟೆಯಲ್ಲಿ ಇದೆಲ್ಲವೂ ಆಗುವುದೆಂದು ಬಾಲಿಕೆಯರು ವಾದಿಸಿದರು. ಆಗುವುದು ನಿಜ, ಸುಟ್ಟ ಕೂದಲು ಪುನಃ ಸರಿಹೋಗುವುದಿಲ್ಲವೆಂಬುದೂ ನಿಜ.

ಇದಕ್ಕಾಗಿ ಉದ್ದ ಕೂದಲನ್ನು ಕತ್ತರಿಸುವ ಅಗತ್ಯವೇನೂ ಇಲ್ಲ. ಮುಂಭಾಗಕ್ಕೆ ಮಾತ್ರ ಸುರುಳಿ ಮಾಡಿ, ಉಳಿದುದನ್ನು ಕತ್ತಿನ ಬಳಿ ತುರುಬು ಕಟ್ಟಿ ಬಲೆಯೊಳಗೆ ಇರಿಸಿದರೆ ಸಾಕು. ಆ ಕಾಲದಲ್ಲಿಯೂ ಹಾಗೆ ಬಲೆ ಹಾಕುತ್ತಿದ್ದರು.

ನಮ್ಮ ಉಪಾಧ್ಯಾಯಿನಿಯರ ವೇಷವು ಸುಲಭವೆಂದು ಭಾವಿಸಿದ್ದೆವು, ಅದೇ ಕಠಿಣವಾಯಿತು. ಅಂಗಡಿಯಿಂದ ತಂದ ಸೀರೆಗಳು ಪಾಲಿಯೆಸ್ಟರಿನವು. ಆ ನೂಲನ್ನು ಇಂಗ್ಲೆಂಡಿನಲ್ಲಿ 1941ರಲ್ಲಿಯೇ ಕಂಡುಹಿಡಿದಿದ್ದರೂ 1946ರಲ್ಲಿ ಅದರ ಸೀರೆಯನ್ನು ಉಟ್ಟವರಿಲ್ಲ. ಹತ್ತಿಯ ಕೈಮಗ್ಗದ ಸೀರೆಯನ್ನು ತರಿಸಿದ ಮೇಲೆಯೇ ನೆರಿಗೆಯು ಚಿತ್ರದಲ್ಲಿದ್ದಂತೆ ಬಿದ್ದಿತು. ಇಳಕಲ್ಲಿನ ಸೀರೆಯಾದರೆ ಇನ್ನೂ ಉತ್ತಮ. ಹತ್ತಿಯ ಒಡಲಿನ ಹಾಸನ್ನೂ ರೇಷ್ಮೆಯ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ವಿಧಾನವು ಅಲ್ಲಿ ಇಂದಿಗೂ ಉಳಿದಿದೆ. ನಮ್ಮ ದೇಶದಲ್ಲಿಯೂ 1943ರಿಂದ ಹತ್ತಿಯ ಬಟ್ಟೆಗೂ ನೂಲಿಗೂ ಸರಕಾರದ ಹತೋಟಿ ಬಂದುದನ್ನು ಮರೆಯಬಾರದು. ಚಿತ್ರದಲ್ಲಿ ಒಬ್ಬ ಉಪಾಧ್ಯಾಯಿನಿಯ ತೋಳಿಗೆ ತೇಪೆ ಹಾಕಿರುವುದನ್ನು ನಾವು ಭೂತಗನ್ನಡಿಯಿಂದ ನೋಡಿ ಗುರುತಿಸಿದೆವು. ಇಷ್ಟು ವರ್ಷ ಆ ಚಿತ್ರದ ಎದುರಿಗೇ ಕುಳಿತು ಅದನ್ನು ಕಾಣದೆ ಹೋಗಿದ್ದೆವು. ಓರೆ ಬೈತಲೆಯೂ ಕಿವಿಯ ಮೇಲಿನ ಅಲೆಯೂ ಹೆಚ್ಚಾಗಿ ಚಲಚ್ಚಿತ್ರಗಳಿಂದ ಬಂದವು. ಧಾರವಾಡದಲ್ಲಿ ಹುಟ್ಟಿದ ನಟಿ ಲೀಲಾ ಚಿಟ್ನಿಸರ ಮುಖವು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡಿತು.

ಈಗ ನಮ್ಮಿಂದ ಆದ ಹಾನಿಯನ್ನು ಹೇಳಬೇಕು. ವೃದ್ಧೆಯಾದ ಒಬ್ಬ ಹಳೆಯ ವಿದ್ಯಾರ್ಥಿನಿಯು ತಮ್ಮ ತಾಯಿಯ ಮದುವೆಯ ರೇಷ್ಮೆ ಸೀರೆಯನ್ನು ನಂಬಿಕೆಯಿಂದ ಕಳುಹಿಸಿದ್ದರು. ಉಡಿಸಬೇಡಿರೆಂದು ಹೊಲಿಗೆಯ ಉಪಾಧ್ಯಾಯಿನಿಯು ಎಚ್ಚರಿಸಿದರು, ನಾವು ಕೇಳಲಿಲ್ಲ. ಬಾಲಿಕೆಯು ವೇದಿಕೆಯ ಮೇಲೆ ಕುಳಿತೊಡನೆ ಮೊಣಕಾಲಿನ ಬಳಿ ಹಳೆಯ ಮಡಿಕೆಯ ಗೆರೆಯುದ್ದಕ್ಕೂ ಸೀರೆ ಸೀಳಿತು. ಸಭಿಕರಿಗೆ ಆ ಶಬ್ದ ಕೇಳಿಸಲಿಲ್ಲ, ನಮಗೆ ಕೇಳಿಸಿತು. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಬೇಡಿದಾಗ ಅವರು, "ಬಿಡಿ ಅಮ್ಮಾ, ನಮ್ಮಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಈಗಲಾದರೂ ಬಂದಂತಾಯಿತು," ಎಂದರು. ಅಷ್ಟು ಹೇಳಿ, ಸೀಳಿದ ಜಾಗವನ್ನು ಬಹಳ ಹೊತ್ತು ಸವರುತ್ತಾ ಕುಳಿತರು.

ರೇಷ್ಮೆಯು ಬೆಳಕಿನಿಂದಲೂ ಬೆವರಿನಿಂದಲೂ ಕಾಲಕ್ರಮದಲ್ಲಿ ಶಕ್ತಿಗುಂದುತ್ತದೆ. ಅನೇಕ ವರ್ಷ ಒಂದೇ ಮಡಿಕೆಯಲ್ಲಿದ್ದರೆ ಆ ಗೆರೆಯಲ್ಲಿ ಎಳೆಗಳು ಮುರಿಯುತ್ತವೆ. ಮೇಲೆ ಹೊಳಪಿದ್ದರೂ ನಂಬಬಾರದು. ಇಂಥ ಸೀರೆಯನ್ನು, ಗಂಜಿ ಹೋಗುವಂತೆ ಒಗೆದ ಬಿಳಿಯ ಹತ್ತಿಯ ಬಟ್ಟೆಯೊಂದಿಗೆ ಕೋಲಿನ ಮೇಲೆ ಸುರುಳಿ ಸುತ್ತಿ ಇಡುವುದು ಉತ್ತಮ. ಆಗದಿದ್ದರೆ ಕೆಲವು ತಿಂಗಳಿಗೊಮ್ಮೆ ಮಡಿಕೆಯನ್ನು ಬದಲಿಸತಕ್ಕದ್ದು. ನುಸಿಗುಳಿಗೆಯು ಜರಿಗೆ ತಾಗಬಾರದು. ಹರಿದ ಕಡೆಯಲ್ಲಿ ಅಂಟು ಹಚ್ಚದೆ, ಹಿಂಬದಿಗೆ ತೆಳುವಾದ ರೇಷ್ಮೆಯನ್ನಿಟ್ಟು ಸಣ್ಣ ಸೂಜಿಯಿಂದ ಸಡಿಲವಾಗಿ ಹೊಲಿಯಬೇಕು. ಆ ಸೀರೆಯನ್ನು ನಮ್ಮ ಹೊಲಿಗೆಯ ಉಪಾಧ್ಯಾಯಿನಿಯೇ ಮೂರು ವಾರ ಕುಳಿತು ಹೀಗೆ ಸರಿಪಡಿಸಿ ಹಿಂತಿರುಗಿಸಿದರು.

ಮುಂದಿನ ವರ್ಷವೂ ಬಾಲಿಕೆಯರು ಈ ಪ್ರದರ್ಶನವನ್ನು ನಡೆಸಲು ಬಯಸಿದ್ದಾರೆ. ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವೇನೆಂದರೆ, ದಯಮಾಡಿ ಹಳೆಯ ಉಡುಪುಗಳನ್ನು ಕಳುಹಿಸಬೇಡಿರಿ. ಜಾಕೀಟನ್ನು ಮೇಜಿನ ಮೇಲೆ ಹರಡಿ, ತೋಳಿನ ಉದ್ದ, ಭುಜದ ಅಗಲ, ಕತ್ತಿನ ಆಳ ಇವುಗಳ ಅಳತೆಯನ್ನೂ ಒಂದು ಛಾಯಾಚಿತ್ರವನ್ನೂ, ಅದನ್ನು ತೊಟ್ಟಿದ್ದವರ ಹೆಸರನ್ನೂ ಬರೆದು ಕಳುಹಿಸಿರಿ. ಹೊಸ ಬಟ್ಟೆಯಲ್ಲಿ ನಮ್ಮ ಹೊಲಿಗೆಯ ತರಗತಿಯವರು ಹೊಲಿಯುವರು.