ಊರಿನ ಕೂಲರ್ ಇಲ್ಲಿ ನಡೆಯದು. ಕುಂಕಳ್ಳಿಯ ಕುದಿಗೆ ಯಾವ ಎಸಿ?

ಕುಂಕಳ್ಳಿ: ಮಾರ್ಚ್ ಬಂತೆಂದರೆ ಊರಿಂದ ಬರುವ ಜೋಳದ ಚೀಲ, ಶೇಂಗಾ ಚಟ್ನಿಯ ಡಬ್ಬಿ ಜತೆಗೆ ಒಮ್ಮೊಮ್ಮೆ ಕೂಲರ್ ಕೂಡ ಬಸ್ಸಿನಿಂದ ಇಳಿಯುವುದುಂಟು. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದವರಿಗೆ ಬೇಸಿಗೆಯಲ್ಲಿ ಕೂಲರ್ ಹಚ್ಚಿ ಮಲಗಿ ರೂಢಿ. ಇಲ್ಲಿ ಹಚ್ಚಿದರೆ ಎರಡು ದಿನದಲ್ಲಿ ಗೋಡೆ ಬೆವರುತ್ತದೆ, ಹಾಸಿಗೆ ಹಸಿ ಹಸಿ, ಮೈ ಅಂಟಂಟು. 'ಊರಾಗ ಛಲೋ ನಡೀತಿತ್ತು, ಇಲ್ಲಿ ಏನಾತು ಇದಕ್ಕ?' ಎಂದು ಕೇಳುವವರೇ ಎಲ್ಲ.

ಕೂಲರ್‌ಗೆ ಏನೂ ಆಗಿಲ್ಲ. ಊರಲ್ಲಿ ಇರುವುದು ಝಳ, ಇಲ್ಲಿ ಇರುವುದು ಕುದಿ. ಮರಾಠಿಯವರು ಇದಕ್ಕೇ 'ಉಕಾಡಾ' ಅನ್ನುತ್ತಾರೆ. ಎರಡಕ್ಕೂ ಒಂದೇ ಔಷಧ ಇಲ್ಲ. ಕೂಲರ್ ನೀರನ್ನು ಆವಿ ಮಾಡಿ ಗಾಳಿ ತಂಪು ಮಾಡುವ ಯಂತ್ರ. ವಿಜಯಪುರದಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇ 20ರಷ್ಟು ತೇವ ಎಂದು ಹಿಡಿಯಿರಿ. ಒಳ್ಳೆಯ ಕೂಲರ್ ಆ ಗಾಳಿಯನ್ನು 26 ಡಿಗ್ರಿ ಆಸುಪಾಸಿಗೆ ಇಳಿಸಬಲ್ಲದು. ಕುಂಕಳ್ಳಿಯಲ್ಲಿ 33 ಡಿಗ್ರಿ, ತೇವ ಶೇ 70 ಎಂದಾದರೆ ಅದೇ ಕೂಲರ್‌ನಿಂದ ಬರುವುದು 29 ಡಿಗ್ರಿಯ ಒದ್ದೆ ಗಾಳಿ. ನಾಲ್ಕು ಡಿಗ್ರಿ ಇಳಿಯಿತು ನಿಜ, ಆದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ನಿದ್ದೆ ಎಲ್ಲಿಂದ?

ನಿದ್ದೆಯದೇ ಇಲ್ಲಿ ದೊಡ್ಡ ಪ್ರಶ್ನೆ. ಇಲ್ಲಿನ ಕೈಗಾರಿಕಾ ವಸಾಹತಿನಲ್ಲಿ ರಾತ್ರಿ ಪಾಳಿ ಮುಗಿಸಿದವರು ಹಗಲಲ್ಲಿ ಮಲಗಬೇಕು, ಅದೂ ಕಾದ ಶೀಟಿನ ಅಡಿ. ಕಿಟಕಿ ತೆರೆದಿಡಿ ಎಂದರೆ ಫಿಶ್‌ಮೀಲ್ ಘಟಕಗಳ ವಾಸನೆ. ಅದರ ಬಗ್ಗೆ ಕುಂಕಳ್ಳಿಯವರು ವರ್ಷಗಳಿಂದ ದೂರುತ್ತಲೇ ಇದ್ದಾರೆ. ಹೀಗಾಗಿ ಎಸಿ ಎಂಬುದು ಶ್ರೀಮಂತರ ಶೋಕಿಯಾಗಿ ಉಳಿದಿಲ್ಲ. ಬಾಡಿಗೆ ಖೋಲಿಯವರೂ ಕಂತಿನ ಮೇಲೆ ತರುವ ಯೋಚನೆಯಲ್ಲಿದ್ದಾರೆ. ತರುವ ಮುನ್ನ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು.

ಟನ್ ಎಂದರೆ ತೂಕ ಅಲ್ಲ

'ಒಂದೂವರೆ ಟನ್ ತಗೊಳ್ರಿ, ಬೇಗ ತಣ್ಣಗಾಗ್ತದ' ಎಂಬ ಸಲಹೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಟನ್ ಎಂದರೆ ಕೋಣೆಯ ಶಾಖವನ್ನು ಹೊರಹಾಕುವ ಶಕ್ತಿ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. ಹತ್ತಕ್ಕೆ ಹತ್ತು ಅಡಿಯ, ಮೇಲೊಂದು ಮಹಡಿ ಇರುವ ಆರ್‌ಸಿಸಿ ಕೋಣೆಗೆ ಒಂದು ಟನ್ ಧಾರಾಳ, ಮುಕ್ಕಾಲು ಟನ್ ಕೂಡ ನಡೆದೀತು. ಬಿಸಿಲು ನೇರ ಬೀಳುವ ಸ್ಲ್ಯಾಬ್ ಆದರೆ, ಅಥವಾ ಐದಾರು ಜನ ಮಲಗುವುದಾದರೆ ಸ್ವಲ್ಪ ಹೆಚ್ಚು ಬೇಕು.

ದೊಡ್ಡದು ತಂದರೆ ನಷ್ಟವೇನು? ಇಲ್ಲೇ ಕುದಿಯ ಮಾತು ಮತ್ತೆ ಬರುತ್ತದೆ. ಹಳೆಯ ನಮೂನೆಯ, ಅಂದರೆ ಇನ್ವರ್ಟರ್ ಅಲ್ಲದ ದೊಡ್ಡ ಎಸಿ ಹತ್ತು ನಿಮಿಷದಲ್ಲಿ ಕೋಣೆ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಗಾಳಿಯ ತೇವ ಒಳಗಿನ ಕಾಯಿಲ್ ಮೇಲೆ ಹನಿಯಾಗಿ ಹೊರಗೆ ಹೋಗಬೇಕಾದರೆ ಯಂತ್ರ ಬಿಡದೆ ಓಡಬೇಕು. ನಿಂತು ನಿಂತು ಓಡಿದರೆ ಕೋಣೆ ತಣ್ಣಗೆ, ಆದರೆ ಜಿಗುಟು ಜಿಗುಟು. ಇನ್ವರ್ಟರ್ ಎಸಿ ವೇಗ ಇಳಿಸಿಕೊಂಡು ನಿಧಾನಕ್ಕೆ ಓಡುತ್ತಲೇ ಇರುತ್ತದೆ. ಕರಾವಳಿಗೆ ಇದೇ ಸರಿ. (ಹೆಸರು ಕೇಳಿ ಕೆಲವರು ಇದು ಕರೆಂಟ್ ಹೋದಾಗ ಬ್ಯಾಟರಿ ಮೇಲೆ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಆ ಇನ್ವರ್ಟರ್ ಬೇರೆ, ಈ ಇನ್ವರ್ಟರ್ ಬೇರೆ.) ಮಳೆಗಾಲದಲ್ಲಿ ಚಾದರಕ್ಕೂ ಬೂಸಲು ಹಿಡಿಯುವ ಊರಿದು, ರಿಮೋಟ್‌ನಲ್ಲಿ 'ಡ್ರೈ' ಎಂಬ ಗುಂಡಿ ಇದೆಯೋ ನೋಡಿಕೊಳ್ಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಕೆಲಸ ಜಾಸ್ತಿ.

ಬಾಡಿಗೆ ಮನೆಯ ಫಜೀತಿ

ಸ್ಪ್ಲಿಟ್ ಎಸಿಗೆ ಚಿರೆಕಲ್ಲಿನ ಗೋಡೆ ಕೊರೆಯಬೇಕು, ಹೊರಗಿನ ಘಟಕಕ್ಕೆ ಸ್ಟ್ಯಾಂಡ್ ಬೇಕು. ಅದಕ್ಕೆ ಮನೆ ಮಾಲೀಕರ ಒಪ್ಪಿಗೆ. ಖೋಲಿ ಬದಲಿಸಿದಾಗ ಬಿಚ್ಚುವುದು, ಮತ್ತೆ ಕೂರಿಸುವುದು, ಬಹಳ ಸಲ ಗ್ಯಾಸ್ ತುಂಬಿಸುವುದು ಎಲ್ಲ ಖರ್ಚೇ. ವರ್ಷಕ್ಕೊಂದು ಖೋಲಿ ಬದಲಿಸುವವರಿಗೆ ವಿಂಡೋ ಎಸಿ ಲೇಸು ಎಂಬುದು ಈ ವರದಿಗಾರನ ಅಭಿಪ್ರಾಯ. ಸದ್ದು ಹೆಚ್ಚು, ಕಿಟಕಿಯ ಗ್ರಿಲ್ ತೆಗೆಸಬೇಕು. ಆದರೆ ಎತ್ತಿಕೊಂಡು ಹೋಗಬಹುದು. ಒಂದು ಎಚ್ಚರ: ಹಲವು ವಿಂಡೋ ಎಸಿಗಳಲ್ಲಿ ಹೊರಗಾಳಿಯ ಕಿಂಡಿ ಇರುತ್ತದೆ. ಅದನ್ನು ಮುಚ್ಚದಿದ್ದರೆ ಫಿಶ್‌ಮೀಲ್ ವಾಸನೆ ಒಳಗೇ. ಚಕ್ರದ ಮೇಲೆ ಓಡಾಡಿಸುವ ಪೋರ್ಟಬಲ್ ಎಸಿ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಒಂದೇ ಪೈಪಿನದಾದರೆ ಅದು ಒಳಗಿನ ತಂಪು ಗಾಳಿಯನ್ನೇ ಹೊರಗೆ ದೂಡುತ್ತದೆ.

ಅಡುಗೆ, ಮಲಗುವುದು ಎಲ್ಲ ಒಂದೇ ಖೋಲಿಯಲ್ಲಿ ನಡೆಯುವ ಕಡೆ ಇದನ್ನು ಮರೆಯಬಾರದು: ಬಾಗಿಲು ಕಿಟಕಿ ಮುಚ್ಚಿ, ಎಸಿ ಹಾಕಿ, ಗ್ಯಾಸ್ ಒಲೆ ಹಚ್ಚಬೇಡಿ. ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಅಡುಗೆ ಮುಗಿಸಿ, ಹೊಗೆ ಹೋದ ಮೇಲೆ ಎಸಿ.

ಮಂಗಳೂರು ಹೆಂಚಿನ ಮನೆಯವರು ಮೊದಲು ಸೀಲಿಂಗ್ ಮಾಡಿಸಬೇಕು. ಹೆಂಚಿನ ಸಂದಿಯಲ್ಲಿ ತಂಪೆಲ್ಲ ಹಾರಿಹೋಗುತ್ತದೆ. ಸಿಮೆಂಟ್ ಶೀಟಿನವರೂ ಅಷ್ಟೆ. ಶೀಟಿನ ಮೇಲೆ ಬಿಳಿ ಬಣ್ಣ, ಕೆಳಗೊಂದು ಸೀಲಿಂಗ್ ಹಾಕಿಸಿದರೆ ಚಿಕ್ಕ ಎಸಿಯಲ್ಲೇ ಕೆಲಸ ಮುಗಿದೀತು. ಬರೀ ಶೀಟಿನ ಅಡಿ ಎರಡು ಟನ್ ಹಾಕಿದರೂ ಅದು ಬಿಸಿಲಿನ ಜತೆ ಕುಸ್ತಿ.

ನಕ್ಷತ್ರ ಎಣಿಸುವ ಮುನ್ನ

ಎಸಿ ಮೇಲೆ ಅಂಟಿಸಿದ ಸ್ಟಾರ್ ಚೀಟಿ ಕೊಡುವುದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ. ನಕ್ಷತ್ರಕ್ಕಿಂತ ಮುಖ್ಯ ಅದೇ ಚೀಟಿಯಲ್ಲಿರುವ ವರ್ಷದ ಯೂನಿಟ್ ಸಂಖ್ಯೆ. ವರ್ಷಕ್ಕೆ 1600 ಗಂಟೆ ಓಡಿದರೆ ಎಷ್ಟು ಯೂನಿಟ್ ಎಂಬುದು ಅದು. 2022ರ ಜುಲೈನಲ್ಲಿ ನಿಯಮ ಬಿಗಿಯಾದಾಗ ಅಲ್ಲಿಯತನಕ 5 ಸ್ಟಾರ್ ಇದ್ದದ್ದು 4ಕ್ಕೆ ಇಳಿದಿತ್ತು. ಆದ್ದರಿಂದ ಹಳೇ ಸ್ಟಾಕ್ ಮೇಲಿನ ನಕ್ಷತ್ರ ನೋಡಿ ಮರುಳಾಗಬಾರದು, ಚೀಟಿ ಯಾವ ವರ್ಷದ್ದು ಎಂದೂ ನೋಡಬೇಕು.

ಒಂದು ಎಸಿಯ ಚೀಟಿಯಲ್ಲಿ 700 ಯೂನಿಟ್, ಇನ್ನೊಂದರಲ್ಲಿ 540 ಇದೆ ಎನ್ನಿ. ಬೇಸಿಗೆಯ ನಾಲ್ಕು ತಿಂಗಳು, ರಾತ್ರಿ ಎಂಟು ತಾಸು ಮಾತ್ರ ಹಾಕಿದರೆ 960 ಗಂಟೆ. ಉಳಿತಾಯ 96 ಯೂನಿಟ್. ಯೂನಿಟ್‌ಗೆ 5 ರೂ. ಹಿಡಿದರೂ ವರ್ಷಕ್ಕೆ 480 ರೂ. ಈ ಉಳಿತಾಯಕ್ಕಾಗಿ ಐದಾರು ಸಾವಿರ ಹೆಚ್ಚು ಕೊಟ್ಟರೆ ಅದು ವಾಪಸ್ ಬರಲು ಹತ್ತು ವರ್ಷ ಮೀರುತ್ತದೆ. ಇಂಥವರಿಗೆ 3 ಸ್ಟಾರ್ ಸಾಕು. ಪಾಳಿಯವರ ಮನೆಯಲ್ಲಿ ಹಗಲೊಬ್ಬರು ರಾತ್ರಿಯೊಬ್ಬರು ಮಲಗುತ್ತಿದ್ದರೆ ಗಂಟೆಗಳು ಇಮ್ಮಡಿ, ಆಗ 5 ಸ್ಟಾರ್ ಲೆಕ್ಕ ಬೇರೆ. ಮೀಟರ್ ಮಾಲೀಕರ ಹೆಸರಲ್ಲಿದ್ದರೆ ಯೂನಿಟ್‌ಗೆ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಜಗಳ ಬೇಡ.

2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಿಂದೆ 35 ಸಾವಿರ ಇದ್ದದ್ದು ಅದೇ ಮೂಲ ಬೆಲೆಗೆ 32,300 ರೂ. ಆಸುಪಾಸು ಆಗಬೇಕು. ಬಿಲ್ ಕೇಳಿ ಪಡೆಯಿರಿ. 'ಶೂನ್ಯ ಬಡ್ಡಿ' ಕಂತಿನಲ್ಲಿ ಪ್ರೊಸೆಸಿಂಗ್ ಶುಲ್ಕ ಎಷ್ಟು, ನಗದು ಕೊಟ್ಟರೆ ಸಿಗುವ ರಿಯಾಯಿತಿ ಎಷ್ಟು ಎಂದು ಕೇಳಿದರೆ ಬಡ್ಡಿ ಎಲ್ಲಿ ಅಡಗಿದೆ ಗೊತ್ತಾಗುತ್ತದೆ.

ಉಪ್ಪು ಗಾಳಿ ಬಿಡುವುದಿಲ್ಲ

ಅಸೋಳ್ಣ, ಬೇತುಲ್ ಕಡೆಯ ಕಡಲು ಇಲ್ಲಿಗೆ ದೂರವಿಲ್ಲ. ಉಪ್ಪಿನ ಗಾಳಿಗೆ ಹೊರಗಿನ ಘಟಕ ಬೇಗ ತುಕ್ಕು ಹಿಡಿಯುತ್ತದೆ. ತಾಮ್ರದ ಕಾಯಿಲ್ ಇರಲಿ, ತೂತು ಬಿದ್ದರೆ ಬೆಸುಗೆ ಹಾಕಲು ಸುಲಭ. ರೆಕ್ಕೆಗಳ ಮೇಲೆ ರಕ್ಷಣಾ ಲೇಪನ ಇರಲಿ. ಆದರೆ ಗಂಧಕದ ಅಂಶವಿರುವ ಗಾಳಿ ತಾಮ್ರವನ್ನೂ ತಿನ್ನುತ್ತದೆ. ಕಾರ್ಖಾನೆಗಳ ಮಗ್ಗುಲಲ್ಲಿರುವವರು ಹೊರ ಘಟಕವನ್ನು ಆಗಾಗ ಸಿಹಿನೀರಿನಿಂದ ತೊಳೆಸಬೇಕು. ಗ್ಯಾರಂಟಿ ಕಂಪ್ರೆಸರ್‌ಗೆ ಮಾತ್ರವೋ, ಕಾಯಿಲ್‌ಗೂ ಇದೆಯೋ ಎಂದು ಓದಿ ನೋಡಿ.

ವೈರಿಂಗ್ ಬಗ್ಗೆ ಉದಾಸೀನ ಬೇಡ. ಎಸಿಗೆ ಪ್ರತ್ಯೇಕ ದಪ್ಪ ವೈರ್, 16 ಆಂಪಿಯರ್ ಪ್ಲಗ್, ತನ್ನದೇ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಟಿವಿ ಹಚ್ಚುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಸಿ ಹಚ್ಚಿದರೆ ಬೆಂಕಿಗೆ ಆಹ್ವಾನ. ಮಂಜೂರಾದ ಲೋಡ್ ಕಡಿಮೆ ಇದ್ದರೆ ವಿದ್ಯುತ್ ಇಲಾಖೆಯಲ್ಲಿ ಹೆಚ್ಚಿಸಿಕೊಳ್ಳಬೇಕು. ಮೇ ಕೊನೆಯ ಗುಡುಗು ಸಿಡಿಲಿನಲ್ಲಿ ರಿಮೋಟ್‌ನಿಂದ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಬೇಕು.

2020ರ ಜನವರಿಯಿಂದ ಸ್ಟಾರ್ ಚೀಟಿಯ ಎಸಿಗಳು ಹಚ್ಚಿದ ಕೂಡಲೇ 24 ಡಿಗ್ರಿಗೆ ಬರುವಂತೆ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಬಿಇಇ. ತೇವ ಇಳಿದ ಕೋಣೆಯಲ್ಲಿ 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಬಿಟ್ಟರೆ ನಡುರಾತ್ರಿ ಚಾದರ ಹುಡುಕುವಷ್ಟು ತಂಪಾಗುತ್ತದೆ.

ಕೊನೆಗೆ ನೀರಿನ ಪೈಪು. ಇಲ್ಲಿನ ಗಾಳಿಯಿಂದ ಒಂದು ಟನ್‌ನ ಎಸಿ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಇಳಿಸಬಲ್ಲದು. ಪೈಪಿಗೆ ಇಳಿಜಾರು ಇಲ್ಲದಿದ್ದರೆ ಅದು ನಿಮ್ಮ ಗೋಡೆಗೆ, ತಪ್ಪಿ ಬಿಟ್ಟರೆ ಪಕ್ಕದವರ ಅಂಗಳಕ್ಕೆ. ಕೆಳಗೊಂದು ಬಕೆಟ್ ಇಡಿ. ನೆಲ ಒರೆಸಲು ಆ ನೀರು ಆದೀತು. ಕುಡಿಯಲು ಬೇಡ.